ಕುದುರೆ ದಾರಿ ಬರೆದ ಅರಸರು: ಮುಮ್ಮಡಿ ಕೃಷ್ಣರಾಜ ಒಡೆಯರು

ನಮ್ಮ ಗೋಡೆ ಪತ್ರಿಕೆಯ ಕೆಳಗಿನ ಮೂಲೆಯಲ್ಲಿ ಪ್ರತಿ ಸಲ ನಾನು ಬರೆಯುವ ದಾರಿ ಹುಡುಕುವ ಚಿತ್ರ ನಿಮಗೆಲ್ಲಾ ಗೊತ್ತೇ ಅದ. ಮೊಲಕ್ಕ ಗಜ್ಜರಿ ತನಕ ದಾರಿ ತೋರಿಸ್ರಿ, ಇರುವಿಗೆ ಬೆಲ್ಲದ ತನಕ ದಾರಿ ತೋರಿಸ್ರಿ ಅಂತ ಇರ್ತದಲ್ಲ, ಅದೇ. ಈ ಸಲ ಮಹಾಪುರುಷರ ಜೀವನ ಚರಿತ್ರೆ ಬರೆಯುವ ಪಾಳಿ ನನಗೆ ಬಂತು. ಗಾಂಧೀಜಿ, ಬಸವಣ್ಣನವರು, ಅಂಬೇಡ್ಕರ್, ಕಿತ್ತೂರು ಚೆನ್ನಮ್ಮ ಇವರ ಚರಿತ್ರೆ ಎಲ್ಲಾ ಹಿಂದಿನ ಸಂಚಿಕೆಗಳಲ್ಲಿ ಬಂದು ಹೋಗ್ಯಾವ. ಅದಕ್ಕೆ ನನ್ನ ಹಂಗೇ ಚೌಕ ಮನೆ ಎಳೆದು, ಅದರಾಗ ದಾರಿ ಬರೆದು, ಮಂದಿಗೆ ಒಗಟು ಹಾಕುತ್ತಿದ್ದ ಒಬ್ಬ ದೊಡ್ಡವರನ್ನು ಆರಿಸಿಕೊಂಡಿದ್ದೇನೆ. ಅವರು ಮೈಸೂರಿನ ಮಹಾರಾಜರು, ಮುಮ್ಮಡಿ ಕೃಷ್ಣರಾಜ ಒಡೆಯರು.

ನಮ್ಮ ವರ್ಗದಲ್ಲೇ ಕೆಲವರು ಕೇಳಿದರು, ಮೈಸೂರು ಅರಸರಿಗೂ ನಮಗೂ ಏನು ಸಂಬಂಧ, ನಮ್ಮ ಕಲಬುರಗಿ ಕಮಲಾಪುರ ಎಲ್ಲಾ ಆವಾಗ ನಿಜಾಮರ ರಾಜ್ಯದಾಗ ಇತ್ತಲ್ಲ ಅಂತ. ಅದು ಖರೇ. ಆದರೆ ಆಟದ ವಿಷಯದಲ್ಲಿ ನಮ್ಮ ಕಡೆಯವರೂ ಹಿಂದೆ ಇಲ್ಲ. ಕಮಲಾಪುರದಿಂದ ಹುಮನಾಬಾದ ರಸ್ತೆ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ ಬರ್ತದ. ಅಲ್ಲಿ ಆಳಿದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 1130ರ ಹೊತ್ತಿಗೆ ಮಾನಸೋಲ್ಲಾಸ ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದಿದ್ದಾನೆ. ಅದರಲ್ಲಿ ಅಡಿಗೆ, ಆನೆ, ಸಂಗೀತ ಎಲ್ಲದರ ಜೊತೆಗೆ ಚದುರಂಗದ ಆಟವನ್ನೂ ವಿವರಿಸಿದ್ದಾನೆ. ಅವನ ಮೇಲೆ ಬರೆಯಬಹುದಿತ್ತು, ಆದರೆ ಅವನ ಬಾಳಿನ ಸಂಗತಿ ಹೆಚ್ಚು ಸಿಗುವುದಿಲ್ಲ. ಮುಮ್ಮಡಿಯವರದು ಹಂಗಲ್ಲ, ಹುಟ್ಟಿದ ದಿನದಿಂದ ಎಲ್ಲಾ ಲೆಕ್ಕ ಅದ.

ಕೃಷ್ಣರಾಜರು 1794ನೇ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಹುಟ್ಟಿದರು. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗಷ್ಟೇ ಅರಸರು, ರಾಜ್ಯವೆಲ್ಲಾ ಟಿಪ್ಪು ಸುಲ್ತಾನರ ಕೈಯಲ್ಲಿತ್ತು. ಕೂಸಿಗೆ ಎರಡು ವರ್ಷ ಇದ್ದಾಗ, 1796ರಲ್ಲಿ, ತಂದೆ ತೀರಿಕೊಂಡರು. ಆಮೇಲೆ ಯಾರನ್ನೂ ಗಾದಿಗೆ ಕೂಡಿಸಲಿಲ್ಲ. ರಾಜರ ಮನೆತನ ಅರಮನೆ ಬಿಟ್ಟು ಬಡತನದಲ್ಲಿ ಇರಬೇಕಾಯಿತು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಮಡಿದರು. ಗೆದ್ದ ಇಂಗ್ಲಿಷರು ರಾಜ್ಯವನ್ನು ಪಾಲು ಮಾಡಿ ತಮಗೊಂದು ಭಾಗ, ನಿಜಾಮರಿಗೊಂದು ಭಾಗ ತೆಗೆದು, ಉಳಿದದ್ದಕ್ಕೆ ಈ ಹುಡುಗನನ್ನು ಅರಸನನ್ನಾಗಿ ಮಾಡಿದರು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟ ಕಟ್ಟಿದಾಗ ಅವರಿಗೆ ಇನ್ನೂ ಐದು ವರ್ಷ ಸಹ ತುಂಬಿರಲಿಲ್ಲ. ನಮ್ಮ ಅಂಗನವಾಡಿಯ ಹುಡುಗರ ವಯಸ್ಸು ನೋಡ್ರಿ!

ಅಷ್ಟು ಸಣ್ಣ ಹುಡುಗ ರಾಜ್ಯ ಆಳುವುದು ಹ್ಯಾಂಗ? ಅಜ್ಜಿ ಲಕ್ಷ್ಮಮ್ಮಣ್ಣಿಯವರು ನೋಡಿಕೊಂಡರು, ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಅಜ್ಜಿ 1810ರಲ್ಲಿ ತೀರಿಕೊಂಡರು, ಅದರ ಮರುವರ್ಷ ಪೂರ್ಣಯ್ಯನವರು ಕೆಲಸ ಬಿಟ್ಟರು. ಅಲ್ಲಿಂದ ಮುಂದೆ ಸುಮಾರು 20 ವರ್ಷ ಕೃಷ್ಣರಾಜರೇ ಆಳಿದರು. ಚಾಮುಂಡಿ ಬೆಟ್ಟದ ಗುಡಿಯ ಗೋಪುರ ಕಟ್ಟಿಸಿದ್ದು ಈ ಕಾಲದಲ್ಲಿ, 1827ರಲ್ಲಿ.

ಇಲ್ಲಿ ನಾನು ಒಂದು ಮಾತು ಮುಚ್ಚಿಡದೆ ಬರೆಯಬೇಕು. ಅವರ ಆಡಳಿತದಲ್ಲಿ ರೈತರಿಗೆ ಬಹಳ ತ್ರಾಸ ಆಯಿತು. ಅಮಲ್ದಾರರು ಇಂತಿಷ್ಟು ಕಂದಾಯ ಕೂಡಿಸಿ ಕೊಡ್ತೀವಿ ಅಂತ ಶರತ್ತು ಬರೆದುಕೊಟ್ಟು, ಅದನ್ನು ತುಂಬಿಸಲು ರೈತರನ್ನು ಹಿಂಡಿದರು. ಅರಮನೆಯ ಖರ್ಚು ಬೆಳೆಯಿತು, ಸಾಲವೂ ಬೆಳೆಯಿತು. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ದಂಗೆ ಎದ್ದರು. ಇದನ್ನೇ ನೆಪ ಮಾಡಿ 1831ರ ಅಕ್ಟೋಬರ್ ತಿಂಗಳಲ್ಲಿ ಇಂಗ್ಲಿಷರು ಅರಸರ ಕೈಯಿಂದ ಆಡಳಿತವನ್ನೇ ಕಸಿದುಕೊಂಡರು. ನಾನು ಇದನ್ನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಅಜ್ಜ ತೊಗರಿ ಕೇರುವುದು ನಿಲ್ಲಿಸಿ, ರೈತರ ಹೊಟ್ಟಿ ಮ್ಯಾಲ ಹೊಡೆದ ಅರಸನ್ನ ಸಾಲಿ ಗ್ವಾಡಿಗೆ ಯಾಕ ಹಚ್ಚತೀಯೋ ತಮ್ಮಾ ಅಂತ ಕೇಳಿದ. ಅಜ್ಜನ ಮಾತು ಸುಳ್ಳಲ್ಲ. ಅದಕ್ಕೇ ಅದನ್ನೂ ಇಲ್ಲಿ ಬರೆದೆ. ಆದರೆ ಅರಸರ ಬಾಳು ಅಲ್ಲಿಗೆ ಮುಗಿಯಲಿಲ್ಲ ಅಜ್ಜಾ, ಅರ್ಧ ಇನ್ನೂ ಉಳಿದಿತ್ತು ಅಂತ ಹೇಳಿದೆ.

ಖರೇನೇ ಅರ್ಧ. ಲೆಕ್ಕ ಮಾಡಿ ನೋಡ್ರಿ. 1794ರಿಂದ 1831 ಅಂದರೆ 37 ವರ್ಷ. 1831ರಿಂದ ಅವರು ತೀರಿಕೊಂಡ 1868 ಅಂದರೆ ಮತ್ತೆ 37. ಮೊದಲ 37 ವರ್ಷದಲ್ಲಿ ಗಾದಿ ಸಿಕ್ಕು ಹೋಯಿತು. ಎರಡನೇ 37 ವರ್ಷ ಅವರು ಅಧಿಕಾರ ಇಲ್ಲದ ಅರಸರು. ಬೆಂಗಳೂರಿನಲ್ಲಿ ಕುಳಿತ ಇಂಗ್ಲಿಷ್ ಕಮಿಷನರರು ರಾಜ್ಯ ಆಳುತ್ತಿದ್ದರು. ಅವರಲ್ಲಿ ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರ ತನಕ ಇದ್ದ. ಬೆಂಗಳೂರಿನ ಕಬ್ಬನ್ ಪಾರ್ಕ್ ಅವನ ಹೆಸರಿನದೇ. ರಾಜ್ಯ ತಿರುಗಿ ಕೊಡಿರಿ ಎಂದು ಅರಸರು ಮತ್ತೆ ಮತ್ತೆ ಅರ್ಜಿ ಬರೆದರು. ಪ್ರತಿ ಸಲ ಇಲ್ಲ ಅಂತಲೇ ಉತ್ತರ ಬಂತು.

ಆ ದಿನಗಳಲ್ಲಿ ಅವರು ಅರಮನೆಯಲ್ಲಿ ಸುಮ್ಮನೆ ಕೂಡಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಫೀ ಇಲ್ಲದ ಇಂಗ್ಲಿಷ್ ಶಾಲೆ ತೆಗೆದರು. ಪಂಡಿತರಿಗೆ, ಗವಾಯಿಗಳಿಗೆ, ಚಿತ್ರಗಾರರಿಗೆ ಆಶ್ರಯ ಕೊಟ್ಟರು. ಶ್ರೀತತ್ತ್ವನಿಧಿ ಎಂಬ ಬಹು ದೊಡ್ಡ ಚಿತ್ರಗಳ ಗ್ರಂಥ ಮಾಡಿಸಿದರು. ಅದರಲ್ಲಿ ಒಂಬತ್ತು ನಿಧಿಗಳು, ಅಂದರೆ ಒಂಬತ್ತು ಭಾಗ. ದೇವಿಯ ರೂಪಗಳಿಗೊಂದು ಭಾಗ, ವಿಷ್ಣುವಿಗೊಂದು, ಶಿವನಿಗೊಂದು, ಹೀಗೆ. ಒಂಬತ್ತನೆಯದು ಕೌತುಕ ನಿಧಿ. ಅದರ ತುಂಬಾ ಆಟಗಳು! ದೇವರ ಚಿತ್ರಗಳ ಸಾಲಿನಲ್ಲಿ ಆಟಕ್ಕೂ ಒಂದು ಭಾಗ ಕೊಟ್ಟಾರಲ್ಲ, ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸೇರಿತು.

ಗಂಜೀಫಾ ಎಂದರೆ ದುಂಡಗಿನ ಎಲೆಗಳ ಇಸ್ಪೀಟು, ಒಂದೊಂದು ಎಲೆಯ ಮೇಲೂ ಕೈಯಿಂದ ಚಿತ್ರ ಬಿಡಿಸಿರ್ತಾರ. ನಮ್ಮ ಇಸ್ಪೀಟಿನಲ್ಲಿ 52 ಎಲೆ. ಅರಸರು 36 ಎಲೆಯಿಂದ ಹಿಡಿದು 360 ಎಲೆಯ ತನಕ ಬೇರೆ ಬೇರೆ ಆಟ ಕಟ್ಟಿದರು. 360 ಎಲೆ ಕಲಸುವವರ ಕೈ ಏನಾಗಬೇಕು! ಹಾವು ಏಣಿಯ ಪಟದಂಥ ಪಟಗಳನ್ನೂ ಮಾಡಿದರು. ದೇವಿ ಸಾಯುಜ್ಯ ಎಂಬ ಆಟದಲ್ಲಿ ಕಾಯಿ ಮನೆ ದಾಟುತ್ತಾ ದಾಟುತ್ತಾ ಕೊನೆಗೆ ದೇವಿಯನ್ನು ಸೇರಬೇಕು. ನಾವು ಗುಡಿಕಟ್ಟೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು ಹುಲಿ ಕುರಿ ಆಡ್ತೀವಲ್ಲ, ಅವರು ಅಂಥದ್ದನ್ನೇ ಬಣ್ಣದಲ್ಲಿ ಬರೆಸಿದರು.

ಇನ್ನು ನನ್ನ ಪ್ರೀತಿಯ ವಿಷಯಕ್ಕೆ ಬರ್ತೀನಿ, ಕುದುರೆ ದಾರಿ. ಚದುರಂಗ ಗೊತ್ತಿಲ್ಲದವರೂ ಓದಬಹುದು, ಕಷ್ಟ ಇಲ್ಲ. ಚದುರಂಗದ ಮಣೆಗೆ 64 ಮನೆ. ಕುದುರೆ ನೆಟ್ಟಗ ಎರಡು ಮನೆ ಹೋಗಿ, ಪಕ್ಕಕ್ಕ ಒಂದು ಮನೆ ತಿರುಗಿ ಕೂಡ್ತದ. ಹಿರಿಯರು ಇದಕ್ಕೆ ಎರಡೂವರೆ ಮನೆ ಅಂತಾರ. ಈಗ ಮಣೆಯ ಮೇಲಿಂದ ಎಲ್ಲಾ ಕಾಯಿ ತೆಗೆದು ಕುದುರೆ ಒಂದನ್ನೇ ಬಿಡ್ರಿ. ಅದು 64 ಮನೆಗೂ ಹೋಗಿ ಬರಬೇಕು, ಒಂದು ಮನೆಗೂ ಎರಡನೇ ಸಲ ಕಾಲಿಡಬಾರದು. ಇಷ್ಟೇ ಒಗಟು.

ಇದು ಬಹಳ ಹಳೇ ಒಗಟು. ಕಾಶ್ಮೀರದ ರುದ್ರಟ ಎಂಬ ಪಂಡಿತ ಒಂಬತ್ತನೇ ಶತಮಾನದಲ್ಲೇ ಅರ್ಧ ಮಣೆಯ, ಅಂದರೆ 32 ಮನೆಯ, ಕುದುರೆ ದಾರಿಯನ್ನು ಶ್ಲೋಕದಲ್ಲಿ ಅಡಗಿಸಿದ್ದ. ಯುರೋಪಿನ ದೊಡ್ಡ ಗಣಿತಜ್ಞ ಆಯ್ಲರ್ 1759ರಲ್ಲಿ ಇದರ ಮೇಲೆ ಬರೆದ. ನಮ್ಮ ಅರಸರು ಚದುರಂಗದ ಮೇಲೆ ಚತುರಂಗ ಸಾರಸರ್ವಸ್ವ ಎಂಬ ಗ್ರಂಥವನ್ನೇ ಬರೆದರು, ಕುದುರೆ ದಾರಿಗಳನ್ನು ಒಂದರ ಮೇಲೊಂದು ಹುಡುಕಿದರು.

ನಾನು ಬರೆಯುವ ಚಿತ್ರಕ್ಕೂ ಇದಕ್ಕೂ ಏನು ಫರಕು ಅಂತ ಯೋಚನೆ ಮಾಡಿದೆ. ನನ್ನ ಚಿತ್ರದಲ್ಲಿ ಮೊದಲು ಖರೇ ದಾರಿಯನ್ನು ಪೆನ್ಸಿಲಿನಿಂದ ತೆಳ್ಳಗೆ ಎಳೀತೀನಿ. ಆಮೇಲೆ ಅದರಿಂದ ಸುಳ್ಳು ಓಣಿ ಒಡೀತೀನಿ. ಸುಳ್ಳು ಓಣಿ ಗಿಡ್ಡ ಇದ್ದರೆ ಯಾರೂ ಮೋಸ ಹೋಗಲ್ಲ, ಅದೂ ಎರಡು ಮೂರು ಕಡೆ ತಿರುಗಿ ಆಮೇಲೆ ಗೋಡೆಗೆ ಹಾಯಬೇಕು. ಕೊನೆಗೆ ಗೋಡೆಗಳನ್ನು ಇಂಕಿನಿಂದ ತಿದ್ದಿ ಪೆನ್ಸಿಲ್ ಗೆರೆ ಅಳಿಸಿಬಿಡ್ತೀನಿ. ಇದನ್ನು ಬಿಡಿಸುವ ಉಪಾಯ ಈಗ ಹೇಳಿಬಿಡ್ತೀನಿ, ಹೆಂಗೂ ಕೆಲವರಿಗೆ ಗೊತ್ತಾಗ್ಯದ. ಗೋಡೆಗಳೆಲ್ಲಾ ಹೊರಗಿನ ಗೋಡೆಗೆ ಕೂಡಿಕೊಂಡಿದ್ದರೆ, ಬಲಗೈಯನ್ನು ಗೋಡೆಯಿಂದ ಬಿಡದೆ ನಡೆದರೆ ಸಾಕು, ತಡ ಆದರೂ ಹೊರಗೆ ಬಂದೇ ಬರ್ತೀರಿ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆ ಅದ, ಸುತ್ತು ಸುತ್ತಾಗಿ ಕಡೆದಿದ್ದಾರೆ. ಅಭಿಮನ್ಯುವಿನ ಕತೆ ಗೊತ್ತಲ್ಲ, ಒಳಗೆ ಹೋಗುವುದು ಬಂತು, ಹೊರಗೆ ಬರುವುದು ಬರಲಿಲ್ಲ.

ಕುದುರೆ ದಾರಿಗೆ ಗೋಡೆಯೇ ಇಲ್ಲ. ಮೊದಲಿಗೆ ಎಲ್ಲಾ ಕಡೆ ಬಯಲು. ಆದರೆ ಕಾಲಿಟ್ಟ ಮನೆಗೆ ತಿರುಗಿ ಹೋಗುವಂತಿಲ್ಲ, ಹಂಗಾಗಿ ನಡೆದ ದಾರಿಯೇ ಹಿಂದೆ ಹಿಂದೆ ಗೋಡೆ ಆಗ್ತಾ ಬರ್ತದ. 40 ಮನೆ ಆಗೋ ತನಕ ನಗ್ತಾ ಹೋಗಬಹುದು, 50 ದಾಟಿದ ಮ್ಯಾಲ ಎಲ್ಲಾ ಕಡೆ ಮುಚ್ಚಿಕೋತದ. ಇದಕ್ಕೂ ಒಂದು ಉಪಾಯ ಉಂಟು, ವಾರ್ನ್ಸ್‌ಡಾರ್ಫ್ ಎಂಬ ಜರ್ಮನಿಯವನು 1823ರಲ್ಲಿ ಬರೆದದ್ದು. ಮುಂದೆ ಯಾವ ಮನೆಯಿಂದ ಹೊರಗೆ ಹೋಗಲು ದಾರಿ ಕಡಿಮೆ ಅದನೋ, ಮೊದಲು ಆ ಮನೆಗೇ ಹೋಗಬೇಕು. ಯಾಕಂದ್ರ ಮೂಲೆ ಮನೆಗೆ ಎರಡೇ ಬಾಗಿಲು. ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟರೆ ಬಾಗಿಲು ಮುಚ್ಚಿಹೋಗ್ತದ.

ಎಲ್ಲಕ್ಕಿಂತ ಸಣ್ಣ ಉದಾಹರಣೆ ಇಲ್ಲಿ ಬರೆದಿದ್ದೇನೆ. ಮೂರು ಸಾಲು, ನಾಲ್ಕು ಕಂಬ, 12 ಮನೆ. 1ರಿಂದ ಶುರು ಮಾಡಿ 2, 3 ಅಂತ ಬೆರಳು ಇಡುತ್ತಾ ಹೋಗಿರಿ, ಪ್ರತಿ ಸಲ ಕುದುರೆ ಹಾರಿಕೆಯೇ ಇರ್ತದ.

1 4 7 10
8 11 2 5
3 6 9 12

ನಾಲ್ಕು ಸಾಲು ನಾಲ್ಕು ಕಂಬದ 16 ಮನೆಯಲ್ಲಿ ಮಾತ್ರ ಯಾರೂ ಹಟ ಹಿಡಿದು ಕೂಡಬೇಡ್ರಿ. ಅದರಲ್ಲಿ ಕುದುರೆ ದಾರಿ ಇಲ್ಲವೇ ಇಲ್ಲ.

ಈಗ ಅರಸರ ಜಾಣತನ ಕೇಳಿರಿ. ಕುದುರೆ ಹೋದ ಮನೆಗಳಿಗೆ ಹೀಗೇ 1ರಿಂದ 64ರ ತನಕ ಅಂಕಿ ಹಾಕಿದೆವು ಎಂದುಕೊಳ್ಳಿರಿ. ಅರಸರ ಒಂದು ಕುದುರೆ ದಾರಿಯಲ್ಲಿ ಯಾವುದೇ ಅಡ್ಡ ಸಾಲು ಕೂಡಿಸಿದರೂ 260, ಯಾವುದೇ ಉದ್ದ ಸಾಲು ಕೂಡಿಸಿದರೂ 260! 260ಯೇ ಯಾಕೆ ಎಂದು ಗಣಿತ ಗುರುಗಳು ಕರಿಹಲಗೆಯ ಮೇಲೆ ತೋರಿಸಿದರು. 1ರಿಂದ 64ರ ತನಕ ಎಲ್ಲಾ ಕೂಡಿಸಿದರೆ 2080, ಅದನ್ನು 8 ಸಾಲಿಗೆ ಸಮ ಹಂಚಿದರೆ 260. ಹಂಚುವುದು ಹಾಳೆಯ ಮೇಲೆ ಸುಲಭ, ಕುದುರೆ ಹಾರಿಸುತ್ತಾ ಹಂಚಬೇಕು ಅಂದ್ರ ತಲಿ ತಿರುಗ್ತದ. ಮೂಲೆಯಿಂದ ಮೂಲೆಗೆ ಎಳೆದ ಎರಡು ಓರೆ ಸಾಲುಗಳೂ 260 ಆಗುವಂಥ ಕುದುರೆ ದಾರಿಯನ್ನು ಬಹಳ ಜನ ಹುಡುಕಿದರು. 2003ರಲ್ಲಿ ಕಂಪ್ಯೂಟರಿಗೆ ಹಾಕಿ 61 ದಿನದ ಲೆಕ್ಕ ಮಾಡಿಸಿದಾಗ, ಅಂಥದ್ದು ಒಂದೂ ಇಲ್ಲ ಎಂದು ಗೊತ್ತಾಯಿತು. ಅಡ್ಡ ಉದ್ದ ಸಾಲು ಮಾತ್ರ 260 ಬರುವಂಥವು ಒಟ್ಟು 140 ಬಗೆ ಅಂತ ಅದೇ ಲೆಕ್ಕ ಹೇಳಿತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅರಸರು ಕೈಯಿಂದ ಬರೆದು ಬರೆದು ಅಂಥದ್ದನ್ನು ಹಿಡಿದಿದ್ದಾರಲ್ಲ!

ಇದನ್ನು ಓದಿದ ಮೇಲೆ ನನಗೆ 64 ಮನೆಯ ಹಾಳೆ ಬೇಕಾಯಿತು. ನೋಟಬುಕ್ಕಿನ ಹಾಳೆಗೆ ಗೆರೆ ಎಳೆದು ಎಳೆದು ಸಾಕಾಗಿತ್ತು. ನಮ್ಮ ಸೋದರಮಾವ ಕಲಬುರಗಿಗೆ ಹೊಂಟಾಗ ನಾನೂ ಬಸ್ಸು ಹತ್ತಿದೆ. ಸೂಪರ್ ಮಾರ್ಕೆಟಿನಲ್ಲಿ ಗ್ರಾಫ್ ಹಾಳೆ ತಗೊಂಡ್ವಿ. ತಿರುಗಿ ಬರುವ ಮೊದಲು ಮಾಮಾ ಕೋಟೆ ತೋರಿಸಿದರು. ಅಲ್ಲಿ ಬಹಮನಿ ಸುಲ್ತಾನರ ಕಾಲದ, 1367ರಲ್ಲಿ ಕಟ್ಟಿದ ಜಾಮಾ ಮಸೀದಿ ಅದ. ಬೇರೆ ಮಸೀದಿಗಳಿಗೆ ಇರುವಂತೆ ಇದಕ್ಕೆ ನಡುವೆ ಬಯಲು ಅಂಗಳ ಇಲ್ಲ, ಪೂರಾ ಮಾಡು ಮುಚ್ಚಿದೆ. ಒಳಗೆ ಕಂಬ, ಕಮಾನು, ಕಂಬ, ಕಮಾನು. ಎಲ್ಲಿ ನಿಂತು ನೋಡಿದರೂ ಒಂದೇ ತರದ ಓಣಿ, ನಾಲ್ಕು ನಾಲ್ಕು ಕಂಬದ ನಡುವೆ ಒಂದೊಂದು ಮನೆ. ನಾನು ಸುಮ್ಮನೆ ಎರಡು ಮನೆ ಮುಂದೆ ನಡೆದು, ಒಂದು ಮನೆ ಪಕ್ಕಕ್ಕೆ ತಿರುಗಿ ನಿಂತೆ. ಮತ್ತೆ ಎರಡು ಮುಂದೆ, ಒಂದು ಪಕ್ಕಕ್ಕೆ. ಏನೋ ಇದು ನಿನ್ನ ನಡಿಗಿ ಅಂತ ಮಾಮಾ ನಕ್ಕರು. ಕುದುರಿ ಮಾಮಾ ಅಂದೆ. ಹಾಳೆಯ ಮೇಲೆ ಬೆರಳಿನಿಂದ ಹಾರಿಸುವುದಕ್ಕಿಂತ ಕಾಲಿನಿಂದ ನಡೆದರೆ ದಾರಿ ನೆನಪು ಉಳಿಯುವುದು ಕಷ್ಟ, ಎಂಟು ಹಾರಿಕೆ ಆಗುವಷ್ಟರಲ್ಲಿ ಯಾವ ಮನೆಯಿಂದ ಶುರು ಮಾಡಿದ್ದೆ ಅನ್ನುವುದೇ ತಿಳಿಯದಂಗಾಯಿತು. ಎಲ್ಲಾ ಕಂಬ ಒಂದೇ ತರ! ಮುಂದಿನ ಸಲದ ನನ್ನ ಚಿತ್ರ ಆ ಕಂಬಗಳನ್ನು ನೋಡಿಯೇ ಬರೆಯುತ್ತೇನೆ.

ಮತ್ತೆ ಅರಸರ ಕಡೆಗೆ ಬರೋಣ. ವಯಸ್ಸಾಗುತ್ತಾ ಬಂದಂತೆ ಅವರಿಗೆ ದೊಡ್ಡ ಚಿಂತೆ ಹತ್ತಿತು. ಗಾದಿಗೆ ಕೂಡಲು ಔರಸ ಪುತ್ರರು ಇರಲಿಲ್ಲ. ವಾರಸು ಇಲ್ಲದ ಎಷ್ಟೋ ರಾಜ್ಯಗಳನ್ನು ಇಂಗ್ಲಿಷರು ನುಂಗಿದ್ದರು, ಝಾನ್ಸಿಯ ಕತೆ ನಾವು ಪಾಠದಲ್ಲಿ ಓದಿದ್ದೇವೆ. ಅರಸರು ತಮ್ಮ 70ನೇ ವಯಸ್ಸಿನಲ್ಲಿ, 1865ರ ಜೂನ್ ತಿಂಗಳಲ್ಲಿ, ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಇಂಗ್ಲಿಷರು ಒಮ್ಮೆಗೇ ಒಪ್ಪಲಿಲ್ಲ. ಅರಸರು ಬಿಡಲಿಲ್ಲ, ಮತ್ತೆ ಬರೆದರು, ಮತ್ತೆ ಕೇಳಿದರು. 1867ರಲ್ಲಿ ಲಂಡನ್ನಿನಿಂದ ಒಪ್ಪಿಗೆ ಬಂತು. ಮರುವರ್ಷ, 1868ರ ಮಾರ್ಚ್ 27ರಂದು, ಅವರು ತೀರಿಕೊಂಡರು. ಕಳೆದುಕೊಂಡ ರಾಜ್ಯ ಅವರ ಕೈಗೆ ಬರಲೇ ಇಲ್ಲ. ದತ್ತು ಮಗ ದೊಡ್ಡವನಾದ ಮೇಲೆ, 1881ರಲ್ಲಿ, ಇಂಗ್ಲಿಷರು ರಾಜ್ಯವನ್ನು ಅವನಿಗೆ ಒಪ್ಪಿಸಿದರು. ಇದನ್ನೂ ಅಜ್ಜನಿಗೆ ಓದಿ ಹೇಳಿದೆ. ಅಜ್ಜ ತೊಗರಿ ಕೇರುತ್ತಲೇ, ಮತ್ತ ಆ ನಗರದ ರೈತರಿಗೆ ಏನು ತಿರುಗಿ ಬಂತು ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮಾಜ ವಿಜ್ಞಾನದ ಗುರುಗಳು ಹೇಳಿದರೆ ನಾವೆಲ್ಲ ಕೇಳಬಹುದು.

ಅರಸರು ಇದ್ದ ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಬೆಂಕಿ ಹತ್ತಿ ಸುಟ್ಟುಹೋಯಿತು. ಈಗ ದಸರಾದಲ್ಲಿ ದೀಪ ಹಾಕುವ ಅರಮನೆ ಆಮೇಲೆ ಕಟ್ಟಿದ್ದು, 1912ರಲ್ಲಿ ಮುಗಿಯಿತು. ಆದರೆ ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆ ಉಳಿಯಿತು. ಅದರ ಮೇಲಿನ ಮಹಡಿಯ ಗೋಡೆಗಳ ಮೇಲೆ ಅವರ ಆಟದ ಪಟಗಳನ್ನು ಬಣ್ಣದಲ್ಲಿ ಬರೆಸಿದ್ದಾರೆ. ಅಂದರೆ ಅರಸರದೂ ಒಂದು ಗೋಡೆ ಪತ್ರಿಕೆಯೇ! ನಮ್ಮದು ರಟ್ಟಿನ ಮೇಲೆ ಅಂಟಿಸಿದ ಹಾಳೆ, ತಿಂಗಳಿಗೊಮ್ಮೆ ತೆಗೀತೀವಿ.

ಕೊನೆಗೆ ನಿಮಗೊಂದು ಕೆಲಸ. ಈ ಬರಹದ ಕೆಳಗೆ ಐದು ಸಾಲು ಐದು ಕಂಬದ 25 ಮನೆ ಬರೆದಿದ್ದೇನೆ, ಮನೆ ಬಿಟ್ಟು ಮನೆ ಕಪ್ಪು ತುಂಬಿದೆ. ಅದರಲ್ಲಿ ಕುದುರೆ ದಾರಿ ಹುಡುಕಬೇಕು. ಎರಡು ಸುಳಿವು ಕೊಡ್ತೀನಿ. ಕುದುರೆ ಕಪ್ಪಿನಿಂದ ಹಾರಿದರೆ ಬಿಳಿಗೆ, ಬಿಳಿಯಿಂದ ಹಾರಿದರೆ ಕಪ್ಪಿಗೇ ಹೋಗ್ತದ. ಇಲ್ಲಿ ಕಪ್ಪು 13, ಬಿಳಿ 12. ಹಂಗಾಗಿ ಬಿಳಿ ಮನೆಯಿಂದ ಶುರು ಮಾಡಿದರೆ ಎಷ್ಟು ದಿನ ಕೂತರೂ ಆಗಲ್ಲ, ನಾಲ್ಕು ಮೂಲೆಯೂ ಕಪ್ಪು ಇವೆ, ಯಾವುದಾದರೂ ಮೂಲೆಯಿಂದ ಶುರು ಮಾಡಿರಿ. ಎರಡನೆಯದು, ಕೊನೆಯ ಮನೆಯಿಂದ ಮೊದಲ ಮನೆಗೆ ತಿರುಗಿ ಹಾರುವ ಆಸೆ ಇಟ್ಟುಕೊಳ್ಳಬೇಡ್ರಿ, ಕೊನೆಯ ಮನೆಯೂ ಕಪ್ಪೇ ಇರ್ತದ. ದಯಮಾಡಿ ಪತ್ರಿಕೆಯ ಮೇಲೆ ಪೆನ್ನಿನಿಂದ ಬರೆಯಬೇಡ್ರಿ, ಐದನೇ ವರ್ಗದವರೂ ನೋಡ್ತಾರ. ನಿಮ್ಮ ನೋಟಬುಕ್ಕಿನಲ್ಲಿ ಅಂಕಿ ಹಾಕಿ ತಂದು ತೋರಿಸಿರಿ. ಮೊದಲು ಬಿಡಿಸಿದವರ ದಾರಿಯನ್ನು ಮುಂದಿನ ಸಂಚಿಕೆಯಲ್ಲಿ ಅವರ ಹೆಸರಿನ ಜೊತೆ ಅಂಟಿಸುತ್ತೇನೆ.